ಜಪಾನಲ್ಲಿ ಸಾವಿನ ದರ ನಮ್ಮ ಡಬಲ್ ಅಂತೆ, ಇದು ಹೆಂಗೆ?

ಲಾಲ್‌ಬಾಗ್_ವಾಕರ್:
ಎಲ್ರಿಗೂ ನಮಸ್ಕಾರ. ಬೆಳಗ್ಗೆ ಲಾಲ್‌ಬಾಗಲ್ಲಿ ಎರಡು ರೌಂಡ್ ಮುಗಿಸಿ ಗೇಟ್ ಹತ್ರ ಕಾಫಿ ಕುಡೀತಿರುವಾಗ ನಮ್ಮ ಗುಂಪಿನ ಒಬ್ರು ಅಂಕಲ್, ಬ್ಯಾಂಕಲ್ಲಿದ್ದು ರಿಟೈರ್ ಆದೋರು, ಫೋನ್ ಮುಂದೆ ಹಿಡಿದ್ರು. ಜಪಾನಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಹತ್ತಿರ ಹತ್ತಿರ 13 ಜನ ಸಾಯ್ತಾರಂತೆ, ನಮ್ಮಲ್ಲಿ 6-7 ಅಷ್ಟೇ. "ನೋಡಪ್ಪ, ಮುದ್ದೆ ಸೊಪ್ಪಿನ ಸಾರು ತಿಂದೋನು ಗಟ್ಟಿ, ಹಸಿಮೀನು ತಿಂದೋನು ಟಿಕೆಟ್ಟು" ಅಂತ ಡೈಲಾಗ್ ಬೇರೆ. ಎಲ್ಲೋ ತಪ್ಪಿದೆ ಸಾರ್ ಅಂದೆ. ಎಲ್ಲಿ ತಪ್ಪು ಹೇಳು ಅಂದ್ರು, ಬಾಯೇ ಬರ್ಲಿಲ್ಲ. ಮನೆಗೆ ಬಂದು ಹುಡುಕಿದ್ರೆ ನಂಬರ್ ಸರಿಯಾಗೇ ಇದೆ! ಯಾರಾದ್ರೂ ಬಿಡಿಸಿ ಹೇಳ್ರಪ್ಪ, ನಾಳೆ ಅವ್ರ ಮುಂದೆ ಮುಖ ತೋರಿಸ್ಬೇಕು ನಾನು.

ಅಂಕಿಅಂಶ_ಅಣ್ಣ:
ನಂಬರ್ ಸರಿ, ಅದರಿಂದ ಅಂಕಲ್ ತೆಗೆದ ಅರ್ಥ ತಪ್ಪು. ದೂರ ಹೋಗೋದೇ ಬೇಡ, ನಮ್ಮ ಊರಲ್ಲೇ ನೋಡಿ. ಬಸವನಗುಡೀಲಿ ಒಂದು ಬೀದಿ ತಗೊಳಿ, ಅರ್ಧ ಮನೆಗಳಲ್ಲಿ ಅಜ್ಜ ಅಜ್ಜಿ ಇಬ್ರೇ, ಮಕ್ಕಳು ಕ್ಯಾಲಿಫೋರ್ನಿಯಾ. ಬೆಳ್ಳಂದೂರಲ್ಲಿ ಒಂದು ಪಿಜಿ ಬೀದಿ ತಗೊಳಿ, ಎಲ್ರೂ 22ರಿಂದ 30. ಈಗ ಸಾವಿರಕ್ಕೆ ಎಷ್ಟು ಸಾವು ಅಂತ ಲೆಕ್ಕ ಹಾಕಿದ್ರೆ ಯಾವ ಬೀದೀಲಿ ಜಾಸ್ತಿ ಬರುತ್ತೆ? ಹಂಗಂತ ಬೆಳ್ಳಂದೂರಿನ ಗಾಳಿ, ಅಲ್ಲಿಯ ಕೆರೆ ನೊರೆ ಆರೋಗ್ಯಕ್ಕೆ ಒಳ್ಳೇದು ಅಂತೀರಾ?

ಜಪಾನಲ್ಲಿ ನೂರಕ್ಕೆ 29 ಜನ 65 ದಾಟಿದೋರು. ನಮ್ಮಲ್ಲಿ ಸುಮಾರು 7. ವಯಸ್ಸಾದೋರು ಜಾಸ್ತಿ ಇದ್ದ ಕಡೆ ಸಾವೂ ಜಾಸ್ತಿ, ಅಷ್ಟೇ ವಿಷಯ. ಅಂಕಲ್ ಹಿಡ್ಕೊಂಡಿರೋದು ಕಚ್ಚಾ ಮರಣ ದರ, ಅಂದ್ರೆ ವಯಸ್ಸು ನೋಡದೆ ಸಾವಿರಕ್ಕೆ ಎಷ್ಟು ಸಾವು ಅಂತ ಎಣಿಸೋದು, ಹೆಸರಲ್ಲೇ ಇದೆ ನೋಡಿ ಕಚ್ಚಾ ಅಂತ. ಯಾವ ವಯಸ್ಸಲ್ಲಿ ಸಾಯ್ತಿದ್ದಾರೆ ಅಂತ ಕೇಳಿ, ಚಿತ್ರ ಪೂರ್ತಿ ಉಲ್ಟಾ. ಜಪಾನಲ್ಲಿ ಸಾವಿರ ಮಕ್ಕಳು ಹುಟ್ಟಿದ್ರೆ ಒಂದು ವರ್ಷದೊಳಗೆ ಹೋಗೋದು 2ಕ್ಕಿಂತ ಕಮ್ಮಿ, ನಮ್ಮಲ್ಲಿ 2020ರ ಎಸ್‌ಆರ್‌ಎಸ್ (ಸರ್ಕಾರದ ಜನನ ಮರಣ ಮಾದರಿ ಸಮೀಕ್ಷೆ) ಲೆಕ್ಕದಲ್ಲಿ 28. ಸರಾಸರಿ ಆಯಸ್ಸು ಅವರದ್ದು 84ರ ಹತ್ರ, ನಮ್ಮದು 70.

ಇನ್ನೊಂದು ತಮಾಷೆ, ಅದೇ 2020ರ ಲೆಕ್ಕದಲ್ಲಿ ಕೇರಳದ ಕಚ್ಚಾ ದರ ಇಡೀ ದೇಶದ ಸರಾಸರಿಗಿಂತ ಜಾಸ್ತಿ, ಸುಮಾರು 7. ಆದ್ರೆ ಶಿಶು ಮರಣ ಬರೀ 6, ನಮ್ಮ ಕರ್ನಾಟಕ 19. ಈಗ ಹೇಳಿ ಎಲ್ಲಿ ಹುಟ್ಟೋಕೆ ಇಷ್ಟ.

ದೋಹಾ_ರಿಟರ್ನ್:
ಕತಾರಲ್ಲಿ ಸಾವಿರಕ್ಕೆ ಒಂದೋ ಎರಡೋ ಬರುತ್ತೆ, ಪ್ರಪಂಚದಲ್ಲೇ ಕಮ್ಮಿ. ಯಾಕೆ ಅಂದ್ರೆ ಅಲ್ಲಿರೋರೆಲ್ಲ ನನ್ನ ಥರ ಮೆಡಿಕಲ್ ಪಾಸ್ ಮಾಡಿ ಹೋದ ಗಂಡಸ್ರು. ಸುಸ್ತಾದ್ರೆ ಟಿಕೆಟ್ ತಗೊಂಡು ಊರಿಗೆ ವಾಪಸ್, ಸಾಯೋದು ಊರಲ್ಲೇ.

ಜನನ_ಮರಣ_ಕೌಂಟರ್:
ಮೇಲಿನವರು ಹೇಳಿದ್ದು ಬೆಂಗಳೂರಿಗೂ ಹೊಂದುತ್ತೆ. ಇಪ್ಪತ್ತು ವರ್ಷ ಮರಣ ನೋಂದಣಿ ಮಾಡಿದ ಕೈ ಇದು, ಹಾಗಾಗಿ ಸ್ವಲ್ಪ ಕೊರೀತೀನಿ. ಸಾವು ನೋಂದಣಿ ಆಗೋದು ಸತ್ತ ಜಾಗದಲ್ಲಿ, ವಾಸ ಇದ್ದ ಜಾಗದಲ್ಲಲ್ಲ. ಕೋಲಾರದಿಂದ, ತುಮಕೂರಿಂದ, ಅನಂತಪುರದಿಂದ ಸೀರಿಯಸ್ ಆದೋರನ್ನ ಇಲ್ಲಿಗೆ ಕರ್ಕೊಂಡು ಬರ್ತಾರೆ, ಇಲ್ಲಿ ಹೋಗ್ತಾರೆ, ರಿಜಿಸ್ಟರಲ್ಲಿ ಬೆಂಗಳೂರು. ಇನ್ನೊಂದು ಕಡೆ ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದೋನು ಶೆಡ್ಡಲ್ಲಿ ಖಾಯಿಲೆ ಬಿದ್ರೆ ಬಸ್ ಹತ್ತಿ ಊರಿಗೆ. ಅವನು ಇಲ್ಲಿಯ ಧೂಳು ಕುಡಿದು ಅಲ್ಲಿಯ ಲೆಕ್ಕಕ್ಕೆ ಸೇರ್ತಾನೆ. ಅದಕ್ಕೇ ವಾಸಸ್ಥಳ ಅಂತ ಇನ್ನೊಂದು ಕಾಲಂ ಇದೆ, ಬರೆಸೋರು ಅರ್ಜೆಂಟಲ್ಲಿ ಏನೋ ಒಂದು ಹೇಳ್ತಾರೆ.

ಇನ್ನು ಸಾವಿನ ಕಾರಣ. ಅಯ್ಯೋ, ಅದನ್ನ ಕೇಳ್ಬೇಡಿ. ಡಾಕ್ಟರ್ ಬರೆದು ಕೊಡೋ ಫಾರಂ ಇರುತ್ತಲ್ಲ, ಹತ್ತಕ್ಕೆ ಎಷ್ಟೋ ಫಾರಂನಲ್ಲಿ "ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್". ಸತ್ತ ಮೇಲೆ ಎಲ್ರ ಹೃದಯವೂ ನಿಲ್ಲುತ್ತೆ ಸ್ವಾಮಿ, ಯಾಕೆ ನಿಂತ್ತು ಅನ್ನೋದಲ್ವಾ ಕಾಲಂ ಕೇಳ್ತಿರೋದು! ಸಕ್ಕರೆ ಖಾಯಿಲೆ, ಕಿಡ್ನಿ, ಟಿಬಿ ಎಲ್ಲಾ ಆ ಮೂರು ಪದದ ಅಡಿ ಮಣ್ಣಾಗುತ್ತೆ. ಅದೂ ಡಾಕ್ಟರ್ ಸರ್ಟಿಫಿಕೇಟ್ ಇರೋ ಸಾವುಗಳ ಕಥೆ. ದೇಶದಲ್ಲಿ 2020ರಲ್ಲಿ ನೋಂದಣಿ ಆದ ಸಾವುಗಳಲ್ಲಿ ಕಾರಣಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಇದ್ದಿದ್ದು ಸುಮಾರು 22 ಪರ್ಸೆಂಟ್. ಮುಂದುವರಿದ ದೇಶಗಳಲ್ಲಿ ಹೆಚ್ಚೂಕಮ್ಮಿ ಎಲ್ಲಾ ಸಾವಿಗೂ ಇರುತ್ತೆ. ಹಾಗಿದ್ಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ಯಾವುದರಿಂದ ಎಷ್ಟು ಅಂತ ಹೋಲಿಸೋಕೆ ಹೋದ್ರೆ ಅರ್ಧ ಊಹೆ.

ಹಾಫ್_ಕಾಫಿ:
ಇದೆಲ್ಲಾ ಲೆಕ್ಕದ ಆಟ ಬಿಡಿ. ಸಿಂಪಲ್ ವಿಷಯ, ದುಡ್ಡಿರೋ ದೇಶದಲ್ಲಿ ಜನ ಜಾಸ್ತಿ ದಿನ ಬದುಕ್ತಾರೆ, ದುಡ್ಡಿಲ್ಲದ ಕಡೆ ಬೇಗ ಹೋಗ್ತಾರೆ. ಆಸ್ಪತ್ರೆ ಕಟ್ಟಿ, ಮೆಷಿನ್ ತನ್ನಿ, ಮುಗೀತು.

ಅಂಕಿಅಂಶ_ಅಣ್ಣ:
ಒಂದು ಮಟ್ಟದವರೆಗೆ ಹೌದು. ಸ್ಯಾಮ್ಯುಯೆಲ್ ಪ್ರೆಸ್ಟನ್ ಅಂತ ಒಬ್ರು 1975ರಲ್ಲೇ ದೇಶದ ಆದಾಯ, ಆಯಸ್ಸು ಎರಡನ್ನೂ ಗ್ರಾಫ್ ಹಾಕಿ ತೋರಿಸಿದ್ರು. ಬಡ ದೇಶಗಳಲ್ಲಿ ಸ್ವಲ್ಪ ದುಡ್ಡು ಬಂದ್ರೂ ಆಯಸ್ಸು ಸರ್ರಂತ ಏರುತ್ತೆ, ಆಮೇಲೆ ಗೆರೆ ಮಲಗ್ಬಿಡುತ್ತೆ. ಅದಕ್ಕಿಂತ ಮುಖ್ಯ, ಆ ಗೆರೆನೇ ದಶಕದಿಂದ ದಶಕಕ್ಕೆ ಮೇಲಕ್ಕೆ ಹೋಗ್ತಿತ್ತು, ಅಂದ್ರೆ ಅಷ್ಟೇ ಆದಾಯದಲ್ಲಿ ಜನ ಮೊದಲಿಗಿಂತ ಜಾಸ್ತಿ ಬದುಕ್ತಿದ್ರು. ಲಸಿಕೆ, ಶುದ್ಧ ನೀರು, ಕೈ ತೊಳೀಬೇಕು ಅನ್ನೋ ತಿಳುವಳಿಕೆ, ಇವಕ್ಕೆಲ್ಲ ಸಂಬಳ ಏರೋವರೆಗೆ ಕಾಯ್ಬೇಕಿಲ್ಲ. ಶ್ರೀಲಂಕಾ, ಕೋಸ್ಟರಿಕಾ ನೋಡಿ, ಅವರ ಜೇಬಿಗೂ ಅವರ ಆಯಸ್ಸಿಗೂ ತಾಳೆನೇ ಆಗಲ್ಲ, ಅಷ್ಟು ಚೆನ್ನಾಗಿದೆ.

ಬೆಂಗಳೂರಿಂದೇ ಕಥೆ ಬೇಕಂದ್ರೆ 1898ರ ಪ್ಲೇಗು. ರೈಲಲ್ಲಿ ಬಂತು, ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಜನ ಇಲಿಗಳ ಜೊತೇಲೇ ಹೋದ್ರು. ಆವಾಗ ಪ್ಲೇಗಿಗೆ ಆ್ಯಂಟಿಬಯಾಟಿಕ್ ಎಲ್ಲಿತ್ತು, ಅದು ಬಂದಿದ್ದು 1940ರ ದಶಕದಲ್ಲಿ. ಮಲ್ಲೇಶ್ವರ, ಬಸವನಗುಡಿ ಬೆಳೆದಿದ್ದು ಆ ಹೊಡೆತ ತಿಂದ ಮೇಲೆ: ಅಗಲ ರಸ್ತೆ, ಮನೆ ಮನೆ ಮಧ್ಯೆ ಜಾಗ, ಹಿಂದುಗಡೆ ಕಸ, ಮಲ ಸಾಗಿಸೋಕೆ ಕನ್ಸರ್ವೆನ್ಸಿ ಸಂದಿ. ಇವತ್ತು ಆ ಸಂದಿಗಳಲ್ಲಿ ಬೈಕ್ ಪಾರ್ಕ್ ಮಾಡಿ ಚಾಟ್ಸ್ ತಿಂತೀವಲ್ಲ, ಅದು ಜೀವ ಉಳಿಸೋಕೆ ಅಂತ ಬಿಟ್ಟ ಜಾಗ.

ರಿಟೈರ್ಡ್_ಸಿಸ್ಟರ್:
ಮಕ್ಕಳೇ, ನಾನು 1983ರಲ್ಲಿ ಮಾಗಡಿ ಕಡೆ ಹಳ್ಳೀಲಿ ಎಎನ್‌ಎಂ (ಹೆರಿಗೆ, ಲಸಿಕೆ ನೋಡ್ಕೊಳ್ಳೋ ನರ್ಸಮ್ಮ) ಆಗಿ ಸೇರಿದವಳು, ಈಗ ವಿಜಯನಗರದಲ್ಲಿ ಮಗಳ ಮನೇಲಿದ್ದೀನಿ. ಟೈಪ್ ಮಾಡೋದು ನಿಧಾನ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಆಸ್ಪತ್ರೆ ಮೆಷಿನ್ ಅಂದ್ರಲ್ಲ ಆ ಹುಡುಗ, ಅದಕ್ಕೆ ಹೇಳ್ತೀನಿ. ಆವಾಗ ಹೆರಿಗೆ ಎಲ್ಲಾ ಮನೇಲೇ. ಹೊಕ್ಕುಳಬಳ್ಳಿ ಕೊಯ್ಯೋದು ಕೈಗೆ ಸಿಕ್ಕ ಕುಡುಗೋಲಲ್ಲೋ ಹಳೇ ಬ್ಲೇಡಲ್ಲೋ, ಆಮೇಲೆ ಅದರ ಮೇಲೆ ಒಲೆ ಬೂದಿ ಇಲ್ಲಾ ಸಗಣಿ ಬೂದಿ ಮೆತ್ತೋರು, ಬೇಗ ಒಣಗ್ಲಿ ಅಂತ. ಒಂದು ಮಗು ಇನ್ನೂ ಕಣ್ಣಲ್ಲಿದೆ, ಆರನೇ ದಿನದವರೆಗೆ ಗುಂಡುಗುಂಡಗೆ ಹಾಲು ಕುಡಿದ ಕೂಸು, ಏಳನೇ ದಿನ ಬಾಯಿ ಬಿಗಿದು ಮೊಲೆ ಹಿಡೀಲಿಲ್ಲ, ಬಾಗಿಲು ಸದ್ದಾದ್ರೂ ಬಿಲ್ಲಿನ ಹಾಗೆ ಸೆಟೆದುಕೊಳ್ಳೋದು. ಧನುರ್ವಾಯು. ಅಜ್ಜಿ ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪು ಕಟ್ಟಿದ್ಲು. ಆ ಮಗು ಉಳೀಲಿಲ್ಲ. ಅದಕ್ಕೆ ಬೇಕಿದ್ದಿದ್ದು ತಾಯಿಗೆ ಬಸುರಿಯಲ್ಲಿ ಎರಡು ಟಿಟಿ (ಧನುರ್ವಾಯು ಲಸಿಕೆ) ಇಂಜೆಕ್ಷನ್, ಒಂದು ಹೊಸ ಬ್ಲೇಡು, ಕುದಿಸಿದ ದಾರ. ಎಲ್ಲಾ ಸೇರಿ ಒಂದು ಕಾಫಿ ಖರ್ಚು. ಮನೆಮನೆ ಸುತ್ತಿ ಬೈಸಿಕೊಂಡು ಹಾಕಿದ್ವಿ, 2015ರಲ್ಲಿ ಭಾರತದಲ್ಲಿ ಬಾಣಂತಿ ಮತ್ತು ನವಜಾತ ಧನುರ್ವಾಯು ನಿವಾರಣೆ ಆಯ್ತು ಅಂತ ಘೋಷಣೆ ಮಾಡಿದ್ರು. ಟಿವೀಲಿ ಎರಡು ನಿಮಿಷ ಬಂತು. ಅವತ್ತು ನಾನು ಒಬ್ಬಳೇ ಅಡಿಗೆಮನೇಲಿ ಕೂತು ಅತ್ತೆ, ಯಾರಿಗೂ ಹೇಳಿಲ್ಲ.

ಭೇದಿ ಕಥೇನೂ ಅದೇ. ಮಗುಗೆ ಭೇದಿ ಆದ್ರೆ ನೀರು ಕೊಡಬೇಡಿ, ಇನ್ನೂ ಜಾಸ್ತಿ ಆಗುತ್ತೆ ಅನ್ನೋರು. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಷ್ಟನ್ನ ಹೇಳಿಕೊಡೋಕೆ ಎಷ್ಟು ವರ್ಷ ಬೇಕಾಯ್ತು!

ಅಂಕಿಅಂಶ_ಅಣ್ಣ:
ಸಿಸ್ಟರ್, ಕೈ ಮುಗಿದೆ. ಓಆರ್‌ಎಸ್ ವಿಷಯ ಬಂತಲ್ಲ, ಒಂದು ಸೇರಿಸ್ತೀನಿ. 1971ರ ಬಾಂಗ್ಲಾ ಯುದ್ಧದಲ್ಲಿ ಬೊನ್‌ಗಾಂವ್ ನಿರಾಶ್ರಿತರ ಕ್ಯಾಂಪಲ್ಲಿ ಕಾಲರಾ, ಡ್ರಿಪ್ ಬಾಟಲ್ ಖಾಲಿ. ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆ ಸೋಡಾ ಪುಡಿ ಡ್ರಮ್ಮಲ್ಲಿ ಕಲಸಿ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸ್ತಾ ಇರಿ ಅಂದ್ರು. ನೂರಕ್ಕೆ 30ರ ಹತ್ರ ಇದ್ದ ಸಾವು 4ಕ್ಕಿಂತ ಕೆಳಗೆ ಇಳೀತು. ಅವರಿಗೆ ಪದ್ಮವಿಭೂಷಣ ಬಂದಿದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಭೀಮಾತೀರದ_ಹುಡ್ಗ:
ನಮ್ಮ ಕಡೆಯಿಂದ ಒಂದು ಹೇಳ್ತೀನ್ರಿ. ನಾ ಈಗ ಪೀಣ್ಯಾದಾಗ ಫ್ಯಾಕ್ಟರಿ ಕೆಲಸ ಮಾಡ್ತೀನಿ, ಊರು ಭೀಮಾ ನದಿ ದಂಡಿಗಿ. ನಮ್ಮ ಕಾಕಾಗ ತೊಗರಿ ಹೊಲದಾಗ ಕೊಳಕುಮಂಡಲ ಕಡೀತು. ಮೊದ್ಲ ಗುಡಿಗಿ ಒಯ್ದ್ರು, ಅಲ್ಲಿ ಎರಡು ತಾಸು. ಆಮ್ಯಾಲ ಹತ್ತಿರದ ದವಾಖಾನಿ, ಅಲ್ಲಿ ಹಾವಿನ ಇಂಜೆಕ್ಷನ್ ಇಲ್ಲ, ಮುಂದ ಒಯ್ರಿ ಅಂದ್ರು. ಜೀಪ್ ಸಿಕ್ಕು ಜಿಲ್ಲಾ ಮುಟ್ಟೂದ್ರಾಗ ಮೂತ್ರ ಬಂದ್ ಆಗಿತ್ರಿ, ಕಿಡ್ನಿ ಹೋಗಿತ್ತು. ನಾಲ್ಕನೇ ದಿನಕ್ಕ ಹೋದ.

ನಮ್ಮ ದೇಶದಾಗ ಹಾವು ಕಡದು ವರ್ಷಕ್ಕ ಸುಮಾರು 58 ಸಾವಿರ ಮಂದಿ ಸಾಯ್ತಾರ ಅಂತ ಅಂದಾಜೈತಿ. ಆಸ್ಟ್ರೇಲಿಯಾದಾಗ ನಮ್ಮವಕ್ಕಿಂತ ವಿಷದ ಹಾವು ಅದಾವ್ರಿ, ಅಲ್ಲಿ ವರ್ಷಕ್ಕ ಸಾಯವ್ರು ಎರಡೋ ಮೂರೋ. ಅಂದ್ರ ಕೊಂದದ್ದು ಹಾವೇನ್ರಿ? ಅಲ್ಲಿ ಬೂಟ್ ಹಾಕ್ಕೊಂಡು ಮಷಿನ್ ಮ್ಯಾಲ ಕುಂತು ಒಕ್ಕಲುತನ ಮಾಡ್ತಾರ, ಕಡದ್ರ ಹೆಲಿಕಾಪ್ಟರ್ ಬರ್ತೈತಿ. ನಮ್ಮವ್ರು ಬರಿಗಾಲಾಗ ಹೊಲಕ್ಕ ಹೋಗ್ತಾರ, ಬರಿ ನೆಲದಾಗ ಮಲಗ್ತಾರ. ನಮ್ಮ ರಾಜ್ಯದಾಗ 2024ರಾಗ ಹಾವು ಕಡತಾನ ಕಡ್ಡಾಯ ವರದಿ ಮಾಡಬೇಕು ಅಂತ ಮಾಡ್ಯಾರ, ಅದೊಂದು ಚಲೋ ಆತು. ಅದಕ್ಕೂ ಮೊದ್ಲ ನಮ್ಮ ಕಾಕಾ ಯಾವ ಲೆಕ್ಕದಾಗೂ ಇಲ್ಲ.

ಜನನ_ಮರಣ_ಕೌಂಟರ್:
ನಿಮ್ಮ ಕಾಕಾ ಫಾರಂ ಸಿಕ್ಕಿದ್ರೆ ನೋಡಿ, ಕಿಡ್ನಿ ವೈಫಲ್ಯ ಅಂತಿರುತ್ತೆ. ಹಾವು ಇರಲ್ಲ.

ಕೊಲಂಬಸ್_ಕನ್ನಡಿಗ:
ಅಮೆರಿಕದಿಂದ ನನ್ನದೂ ಎರಡು ಮಾತು (ಹುಟ್ಟಿದ್ದು ರಾಜಾಜಿನಗರ, ಈಗ ಓಹಾಯೋ). ದುಡ್ಡಿದ್ರೆ ಆಯಸ್ಸು ಅನ್ನೋರು ಇಲ್ಲಿಗೆ ಬಂದು ನೋಡ್ಬೇಕು. ದೇಶದ ಆದಾಯದಲ್ಲಿ ಸುಮಾರು 17 ಪರ್ಸೆಂಟ್ ಆರೋಗ್ಯಕ್ಕೇ ಸುರೀತಾರೆ, ಆದ್ರೂ ಸರಾಸರಿ ಆಯಸ್ಸು 2019ರಲ್ಲಿ 78.8 ಇದ್ದಿದ್ದು 2021ಕ್ಕೆ 76.4ಕ್ಕೆ ಬಿತ್ತು. ಕೋವಿಡ್ ಒಂದೇ ಅಲ್ಲ. ಡ್ರಗ್ ಓವರ್‌ಡೋಸಲ್ಲಿ 2021, 2022 ಎರಡೂ ವರ್ಷ ಲಕ್ಷಕ್ಕಿಂತ ಜಾಸ್ತಿ ಜನ ಹೋದ್ರು, ಬಹಳಷ್ಟು ಫೆಂಟನಿಲ್ ಅನ್ನೋ ಭಾರೀ ಸ್ಟ್ರಾಂಗ್ ನೋವಿನ ಮದ್ದಿಂದ. ನಮ್ಮ ಏರಿಯಾ ಲೈಬ್ರರೀಲಿ ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲೇ ನಾರ್ಕಾನ್ ಸ್ಪ್ರೇ ಡಬ್ಬ ನೇತುಹಾಕಿದ್ದಾರೆ, ಯಾರಾದ್ರೂ ಓವರ್‌ಡೋಸಾಗಿ ಬಿದ್ರೆ ಮೂಗಿಗೆ ಹೊಡೆದು ಉಳಿಸೋಕೆ. ಮಕ್ಕಳ ಕಥೆಪುಸ್ತಕದ ಶೆಲ್ಫಿಗೆ ಹೋಗೋ ದಾರೀಲಿ!

ಆ್ಯನ್ ಕೇಸ್, ಆ್ಯಂಗಸ್ ಡೀಟನ್ ಅಂತ ಇಬ್ರು ಅರ್ಥಶಾಸ್ತ್ರಜ್ಞರು ಇದಕ್ಕೆ ಹತಾಶೆಯ ಸಾವು ಅಂತ ಹೆಸರಿಟ್ರು, ಡ್ರಗ್, ಕುಡಿತ, ಆತ್ಮಹತ್ಯೆ ಮೂರೂ ಸೇರಿಸಿ, ಅದೂ ಕಾಲೇಜು ಓದದ ನಡುವಯಸ್ಸಿನ ಬಿಳಿಯರಲ್ಲಿ. ಫ್ಯಾಕ್ಟರಿ ಮುಚ್ಚಿದ ಊರುಗಳು, ಇಲ್ಲೇ ಒಂದು ಗಂಟೆ ಡ್ರೈವ್ ಮಾಡಿದ್ರೆ ಸಿಗುತ್ತೆ. ಇನ್ನು ಬಾಣಂತಿ ಸಾವು. 2021ರಲ್ಲಿ ಇಲ್ಲಿಯ ಕಪ್ಪು ಹೆಂಗಸರಲ್ಲಿ ಲಕ್ಷ ಹೆರಿಗೆಗೆ ಸುಮಾರು 70. ನಮ್ಮ ಕರ್ನಾಟಕ 2018-20ರಲ್ಲಿ 69. ಕೋವಿಡ್ ವರ್ಷ, ಲೆಕ್ಕ ಹಾಕೋ ರೀತೀನೂ ಬೇರೆ, ಒಪ್ತೀನಿ. ಆದ್ರೂ ಆ ಎರಡು ನಂಬರ್ ಪಕ್ಕಪಕ್ಕ ನೋಡಿದಾಗ ನನಗೆ ಸ್ವಲ್ಪ ಹೊತ್ತು ಮಾತೇ ಬರ್ಲಿಲ್ಲ.

ಹಾಫ್_ಕಾಫಿ:
ಸರಿ ಅಮೆರಿಕ ಎಕ್ಸೆಪ್ಷನ್. ಹಾಸನದ್ದು ಏನಂತೀರಾ ಮತ್ತೆ? 2025ರಲ್ಲಿ ಒಂದೂವರೆ ತಿಂಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಹಾರ್ಟ್ ಅಟ್ಯಾಕಲ್ಲಿ ಹೋದ್ರು, ಚಿಕ್ಕ ಚಿಕ್ಕ ವಯಸ್ಸಿನೋರು. ಟಿವಿ ಪೂರ್ತಿ ಅದೇ. ಅದೂ ಲೆಕ್ಕದ ಆಟನಾ?

ಅಂಕಿಅಂಶ_ಅಣ್ಣ:
ಆ ಮನೆಗಳ ದುಃಖ ಆಟ ಅಲ್ಲ, ಅದನ್ನ ಯಾರೂ ಅನ್ನಲ್ಲ. ಆದ್ರೆ ಲೆಕ್ಕ ಮಾಡಿ. ಹಾಸನ ಜಿಲ್ಲೆ ಜನಸಂಖ್ಯೆ 2011ರ ಸೆನ್ಸಸಲ್ಲಿ 17.76 ಲಕ್ಷ. ಸಾವಿರಕ್ಕೆ 6 ಅಂತ ಇಟ್ಕೊಂಡ್ರೂ ವರ್ಷಕ್ಕೆ ಹತ್ತು ಸಾವಿರದ ಮೇಲೆ, ದಿನಕ್ಕೆ ಸುಮಾರು 29 ಸಾವು. ದೇಶದಲ್ಲಿ ಹೆಚ್ಚೂಕಮ್ಮಿ ಕಾಲು ಭಾಗ ಸಾವು ಹೃದಯ, ರಕ್ತನಾಳದ್ದು. ಅಂದ್ರೆ ದಿನಕ್ಕೆ ಏಳು, 40 ದಿನಕ್ಕೆ 280. ಟಿವಿ ತೋರಿಸಿದ್ದು ಅದರಲ್ಲಿ ಇಪ್ಪತ್ತು ಚಿಲ್ಲರೆ. ಸರ್ಕಾರ ಕಳಿಸಿದ ತಜ್ಞರ ಸಮಿತೀನೂ ಅಸಹಜ ಏರಿಕೆ ಕಾಣಲಿಲ್ಲ ಅಂತಾನೇ ಹೇಳಿದ್ದು. ಹೊಸದಾಗಿದ್ದಿದ್ದು ಕ್ಯಾಮೆರಾ. ಹೊಸದಲ್ಲದ್ದು, ಆದ್ರೆ ನಿಜವಾಗ್ಲೂ ಹೆದರಬೇಕಾದ್ದು, ಆ 280ರಲ್ಲಿ ಎಷ್ಟು ಜನ 60ರ ಕೆಳಗೆ ಅನ್ನೋದು. ಶ್ರೀಮಂತ ದೇಶದಲ್ಲಿ ಇದೇ ಖಾಯಿಲೆ 80ರಲ್ಲಿ ಬಂದು ಕೊಲ್ಲುತ್ತೆ, ನಮ್ಮಲ್ಲಿ ಎಷ್ಟೋ ಜನಕ್ಕೆ 50ರಲ್ಲಿ.

ರಿಟೈರ್ಡ್_ಸಿಸ್ಟರ್:
ಪುನೀತ್ ಹೋದಾಗ (2021 ಅಕ್ಟೋಬರ್ 29, ಮರೆಯೋದುಂಟಾ) ಆಮೇಲೆ ಒಂದು ವಾರ ಎಲ್ರೂ ಇಸಿಜಿಗೆ ಓಡಿದ್ರು. ಎರಡನೇ ವಾರ ಮತ್ತೆ ಬೆಣ್ಣೆ ದೋಸೆ. ನಿಮಗೆಲ್ಲ ಬಿಪಿ ಎಷ್ಟು ಅಂತ ಗೊತ್ತಾ? ಯಾರೂ ಉತ್ತರ ಕೊಡಲ್ಲ ನೋಡಿ ಈಗ.

ಜಪಾನ್ ಜಪಾನ್ ಅಂತೀರಲ್ಲ, ಅವರೂ 1960ರ ದಶಕದಲ್ಲಿ ಪಾರ್ಶ್ವವಾಯುವಿಂದ ದಂಡಿಯಾಗಿ ಸಾಯ್ತಿದ್ರು, ಉಪ್ಪಿನಕಾಯಿ, ಉಪ್ಪು ಮೀನು, ಸೋಯಾ ಸಾಸು, ನಮ್ಮ ಹಪ್ಪಳ ಸಂಡಿಗೆ ಥರಾನೇ. ಬಿಪಿ ನೋಡೋದು, ಉಪ್ಪು ಕಮ್ಮಿ ಮಾಡಿಸೋದು ಇದನ್ನೇ ಹಳ್ಳಿಹಳ್ಳಿಗೆ ಮಾಡಿದ್ರು. 1947ರಲ್ಲಿ ಅವರ ಗಂಡಸರ ಆಯಸ್ಸು 50 ಇತ್ತು ಅಷ್ಟೇ, ಅಂದ್ರೆ ಈಗಿನ ನಮಗಿಂತ ಹತ್ರ ಹತ್ರ 20 ವರ್ಷ ಕಮ್ಮಿ.

ಹಾಫ್_ಕಾಫಿ:
ಬಿಪಿ ಗೊತ್ತಿಲ್ಲ ಸಿಸ್ಟರ್.

ಇಷ್ಟು ಹೊತ್ತು ವಾದ ಮಾಡ್ತಿದ್ದೆ, ಒಂದು ಹೇಳ್ತೀನಿ. ನಮ್ಮಪ್ಪ 58ಕ್ಕೆ ಹೋದ್ರು. ರಾತ್ರಿ ಹತ್ತೂವರೆಗೆ ಎದೆ ಉರಿ ಅಂದ್ರು, ಮದುವೆ ಊಟ ಮಾಡಿ ಬಂದಿದ್ರು, ಗ್ಯಾಸ್ಟ್ರಿಕ್ ಅಂತ ನಾವೇ ಡಿಸೈಡ್ ಮಾಡಿದ್ವಿ. ಅಮ್ಮ ಜೀರಿಗೆ ಕಷಾಯ, ನಾನು ಸೋಡಾ ತಂದೆ. ಎಡಗೈ ನೋವು ಅಂದ್ರು, ಸ್ಕೂಟರ್ ಓಡಿಸಿದ್ದಕ್ಕೆ ಅಂದ್ವಿ. ಬೆಳಗ್ಗೆ ಹತ್ತಿರದ ಒಂದು ಕ್ಲಿನಿಕ್ಕಲ್ಲಿ ಗ್ಯಾಸ್ ಇಂಜೆಕ್ಷನ್ ಹಾಕಿ ಕಳಿಸಿದ್ರು, ಇಸಿಜಿ ಮಾಡ್ಲಿಲ್ಲ. ಮಧ್ಯಾಹ್ನ ಆಟೋದಲ್ಲಿ ಕರ್ಕೊಂಡು ಹೊರಟ್ವಿ, ಮೈಸೂರು ರೋಡ್ ಟ್ರಾಫಿಕ್ಕು, ನಾಯಂಡಹಳ್ಳಿ ಹತ್ರ ನನ್ನ ಭುಜದ ಮೇಲೆ ತಲೆ ವಾಲಿಸಿದ್ರು. ಜೇಬಲ್ಲಿ ಇನ್ಶೂರೆನ್ಸ್ ಕಾರ್ಡ್ ಇತ್ತು. ಬ್ಯಾಂಕಲ್ಲಿ ದುಡ್ಡಿತ್ತು. ಹದಿನಾಲ್ಕು ಗಂಟೆ ಇತ್ತು ನಮ್ಮ ಕೈಲಿ.

ರಿಟೈರ್ಡ್_ಸಿಸ್ಟರ್:
ಮಗು, ನಿನ್ನ ತಪ್ಪಲ್ಲ. ಆ ಸೋಡಾ ಈ ಊರಲ್ಲಿ ಪ್ರತಿ ಮನೇಲೂ ಕುಡಿಸಿದ್ದಾರೆ.

ಲಾಲ್‌ಬಾಗ್_ವಾಕರ್:
ಏನ್ ಹೇಳ್ಬೇಕು ಗೊತ್ತಾಗ್ತಿಲ್ಲ ಗುರು. ತಡವಾಗಿ ಓದ್ದೆ.

ದೋಹಾ_ರಿಟರ್ನ್:
ರೋಡ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ದೇಶದಲ್ಲಿ 2022ರಲ್ಲಿ 1,68,491 ಜನ ರಸ್ತೆ ಅಪಘಾತದಲ್ಲಿ ಹೋದ್ರು. ಜಪಾನಲ್ಲಿ 1970ರಲ್ಲಿ 16 ಸಾವಿರ ದಾಟಿತ್ತು, 2023ಕ್ಕೆ 2,678ಕ್ಕೆ ಇಳಿದಿದೆ, ಗಾಡಿಗಳೇನು ಕಮ್ಮಿ ಆಗಿಲ್ಲ. ಇಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ನಿಂತು ಎಣಿಸಿ, ಎಷ್ಟು ಜನದ ತಲೆ ಮೇಲೆ ಆ ಇಡ್ಲಿ ಬಟ್ಟಲಿನಂಥ ಹಾಫ್ ಹೆಲ್ಮೆಟ್ಟು. ಅದು ತಲೆಗಲ್ಲ, ಪೊಲೀಸ್ ಕ್ಯಾಮೆರಾಕ್ಕೆ ಹಾಕೋದು.

ಭೀಮಾತೀರದ_ಹುಡ್ಗ:
ನನ್ನ ಹತ್ರಾನೂ ಅದೇ ಐತಿ ಅಣ್ಣ 😐 ಪಗಾರ ಆದ್ಮ್ಯಾಲ ಚಲೋದು ತಗೋತೀನಿ.

ಅಂಕಿಅಂಶ_ಅಣ್ಣ:
ಕೊನೇದಾಗಿ ಒಂದು, ಇದು ಯಾರಿಗೂ ಅಷ್ಟು ಬೇಗ ಹೊಳೆಯಲ್ಲ: ಅಮ್ಮಂದಿರ ಓದು. ಜಾನ್ ಕಾಲ್ಡ್‌ವೆಲ್ ಅನ್ನೋ ಜನಸಂಖ್ಯಾ ತಜ್ಞ 1979ರಲ್ಲಿ ನೈಜೀರಿಯಾದ ಲೆಕ್ಕ ಇಟ್ಟು ತೋರಿಸಿದ್ದ, ಗಂಡನ ಕೆಲಸ, ಸಂಬಳ ಎಲ್ಲಾ ಒಂದೇ ಥರ ಇದ್ರೂ ತಾಯಿ ಓದಿದ್ದ ಮನೆಯಲ್ಲಿ ಮಕ್ಕಳು ಜಾಸ್ತಿ ಉಳೀತಾರೆ. ಓದಿದೋಳು ಅತ್ತೆ ಬೇಡ ಅಂದ್ರೂ ಮಗೂನ ಎತ್ಕೊಂಡು ಡಾಕ್ಟರ್ ಹತ್ರ ಹೋಗ್ತಾಳೆ, ಅದೇ ವ್ಯತ್ಯಾಸ. ಕೇರಳದ ಆ 6ರ ಹಿಂದೆ ಇರೋದೂ ಬಹುಪಾಲು ಇದೇ ಅಂತ ನನ್ನ ನಂಬಿಕೆ.

ರಿಟೈರ್ಡ್_ಸಿಸ್ಟರ್:
ನೂರಕ್ಕೆ ನೂರು ನಿಜ. ಟಿಟಿ ಹಾಕ್ಸೋಕೆ ಮೊದಲು ಒಪ್ಪೋರು ಐದನೇ ಕ್ಲಾಸಾದ್ರೂ ಓದಿದ ಸೊಸೆಯರೇ.

ಲಾಲ್‌ಬಾಗ್_ವಾಕರ್:
ಅಪ್‌ಡೇಟ್. ಬೆಳಗ್ಗೆ ಅಂಕಲ್‌ಗೆ ಬಸವನಗುಡಿ ಬೆಳ್ಳಂದೂರು ಲೆಕ್ಕ ಹೇಳ್ದೆ. ಕಾಫಿ ಲೋಟ ಹಿಡ್ಕೊಂಡು ಸುಮ್ಮನೆ ಕೇಳಿಸ್ಕೊಂಡ್ರು, ಆಮೇಲೆ ನಮ್ಮ ಗುಂಪು ಪೂರ್ತಿ ಒಂದ್ಸಲ ನೋಡಿ, "ಅಂದ್ರೆ ಬಸವನಗುಡಿ ರೇಟ್ ಏರಿಸ್ತಿರೋದು ನಾವೇ ಅನ್ನು" ಅಂದ್ರು. ಎಲ್ರೂ ನಕ್ರು. ವಾಪಸ್ ಬರುವಾಗ ಗೇಟ್ ಹತ್ರ ನನ್ನ ಪಕ್ಕಕ್ಕೆ ಕರೆದು ತಮ್ಮ ತಂಗಿ ವಿಷಯ ತೆಗೆದ್ರು. 1950ರ ಸುಮಾರಿಗೆ, ಚಿಕ್ಕಬಳ್ಳಾಪುರದ ಕಡೆ, ಹುಟ್ಟಿ ಎಂಟು ದಿನಕ್ಕೆ ಹೋಗಿತ್ತಂತೆ, ಬಾಯಿ ಬಿಗಿದು. ಹೆಸರೂ ಇಟ್ಟಿರಲಿಲ್ಲವಂತೆ. ಗಾಳಿ ಸೋಕಿತ್ತು ಅಂತಾನೇ ಇಷ್ಟು ವರ್ಷ ಅಂದ್ಕೊಂಡಿದ್ರು. ನಾನು ಸಿಸ್ಟರ್ ಬರೆದಿದ್ದನ್ನ ಫೋನಲ್ಲಿ ತೆಗೆದು ಓದಿ ಹೇಳ್ದೆ.

ಅವರ ಬಿಪಿ ಮೆಡಿಕಲ್ ಸ್ಟೋರಲ್ಲೇ ಚೆಕ್ ಮಾಡಿಸಿದ್ವಿ, 160/100 ತೋರಿಸ್ತು. ಸಿಸ್ಟರ್, ಇದು ಇವತ್ತೇ ಡಾಕ್ಟರ್ ಹತ್ರ ಹೋಗೋ ಅಷ್ಟಾ?

ರಿಟೈರ್ಡ್_ಸಿಸ್ಟರ್:
ಹೌದು, ಇವತ್ತೇ. ಕಾಫಿ ಕುಡಿದ ಕೂಡಲೇ ನೋಡಿದ್ರೆ ಸ್ವಲ್ಪ ಜಾಸ್ತಿ ತೋರಿಸುತ್ತೆ, ಹಾಗಾಗಿ ಅರ್ಧ ಗಂಟೆ ಸುಮ್ಮನೆ ಕೂರಿಸಿ ಇನ್ನೊಂದು ಸಲ ನೋಡ್ಸಿ, ಆದ್ರೆ ಹೋಗೋದು ತಪ್ಪಿಸಬೇಡಿ. ಒಬ್ಬರನ್ನೇ ಕಳಿಸ್ಬೇಡ, ನೀನೂ ಹೋಗು. ಇಸಿಜಿ ಮಾಡಿ ಅಂತ ಬಾಯಿಬಿಟ್ಟು ಕೇಳು.

ಹಾಫ್_ಕಾಫಿ:
ಎಲ್ಲಿಗೆ ಹೋಗ್ತೀರಾ ಹೇಳಿ ವಾಕರ್. ನಾನೂ ಬರ್ತೀನಿ, ನಂದೂ ಒಂದು ಮಾಡಿಸ್ಕೋತೀನಿ.